ಸೇವ್ ಡೈಲಾಗ್‌ನ ಟೈಟಲ್ ಬದಲಾಯ್ಸೋದು ಹೇಗೆ: ಸಿ ಶಾರ್ಪ್, ಪೈಥಾನ್, ಜಾವಾ, ಕ್ಯೂಟಿ, ಎಲೆಕ್ಟ್ರಾನ್, ಮ್ಯಾಕ್

ಎನ್‌ಕ್ರಿಪ್ಷನ್ ಕೀ ಜನರೇಟ್ ಮಾಡೋ ಒಂದು ಚಿಕ್ಕ ಪ್ರೋಗ್ರಾಂ ಬರೀತಿದೀರಾ ಅಂದ್ಕೊಳ್ಳಿ. ಪಬ್ಲಿಕ್ ಕೀ ಬೇರೆಯವರಿಗೆ ಕೊಡೋದು, ಪ್ರೈವೇಟ್ ಕೀ ಗುಟ್ಟಾಗಿ ತಮ್ಮ ಹತ್ರಾನೇ ಇಟ್ಕೊಳ್ಳೋದು. ಯೂಸರ್ "ಹೊಸ ಕೀ" ಬಟನ್ ಒತ್ತಿದ್ರೆ ಪಬ್ಲಿಕ್ ಕೀ ಎಲ್ಲಿ ಇಡ್ಬೇಕು ಅಂತ ಕೇಳೋಕೆ ಒಂದು ಸೇವ್ ಡೈಲಾಗ್ ಬರತ್ತೆ, ಅದು ಮುಗಿದ ತಕ್ಷಣ ಪ್ರೈವೇಟ್ ಕೀ ಎಲ್ಲಿ ಇಡ್ಬೇಕು ಅಂತ ಕೇಳೋಕೆ ಇನ್ನೊಂದು ಬರತ್ತೆ. ಎರಡರ ಮೇಲೂ "ಸೇವ್ ಆಸ್" ಅಂತ ಅಷ್ಟೇ ಇದೆ. ಯೂಸರ್ ಏನ್ ಅಂದ್ಕೋತಾರೆ? ಮೊದಲ್ನೇದು ಸರಿಯಾಗಿ ಸೇವ್ ಆಗ್ಲಿಲ್ವೇನೋ, ಅದಕ್ಕೇ ಮತ್ತೆ ಕೇಳ್ತಿದೆ ಅಂದ್ಕೋತಾರೆ. ಅದೇ ಫೋಲ್ಡರ್, ಅದೇ ಫೈಲ್ ಹೆಸರು ಕೊಡ್ತಾರೆ. "ಈ ಹೆಸರಿನ ಫೈಲ್ ಈಗಾಗ್ಲೇ ಇದೆ, ರಿಪ್ಲೇಸ್ ಮಾಡ್ಬೇಕಾ" ಅಂತ ಸಿಸ್ಟಂ ಕೇಳಿದ್ರೂ ಹೂಂ ಅಂತಾರೆ, ಯಾಕಂದ್ರೆ ಅವರ ಪ್ರಕಾರ ಅದು ಅದೇ ಫೈಲ್. ಈಗ ಪಬ್ಲಿಕ್ ಕೀ ಹೋಯ್ತು, ಆ ಹೆಸರಿನ ಫೈಲ್ ಒಳಗೆ ಪ್ರೈವೇಟ್ ಕೀ ಕೂತಿದೆ, ಮತ್ತೆ ಅದನ್ನೇ ಅವರು ಪಬ್ಲಿಕ್ ಕೀ ಅಂತ ನಂಬಿ ಬೇರೆಯವರಿಗೆ ಮೇಲ್ ಮಾಡ್ತಾರೆ.

ಇಷ್ಟೂ ತಪ್ಪೋದು ಒಂದೇ ಲೈನ್ ಕೋಡ್‌ನಿಂದ. ಮೊದಲ ಡೈಲಾಗ್ ಮೇಲೆ "ಪಬ್ಲಿಕ್ ಕೀ ಸೇವ್ ಮಾಡಿ", ಎರಡನೇದ್ರ ಮೇಲೆ "ಪ್ರೈವೇಟ್ ಕೀ ಸೇವ್ ಮಾಡಿ (ಯಾರಿಗೂ ಕೊಡ್ಬೇಡಿ)" ಅಂತ ಹಾಕಿದ್ರೆ ಮುಗೀತು. ಟೈಟಲ್ ಅಂದ್ರೆ ಅಲಂಕಾರ ಅಂತ ತುಂಬಾ ಜನ ಬಿಟ್ಬಿಡ್ತಾರೆ, ಆದ್ರೆ ಸೇವ್ ಡೈಲಾಗ್ ಒಳಗಡೆ ಫೋಲ್ಡರ್‌ಗಳು, ಫೈಲ್ ಹೆಸರು, ಟೈಪ್ ಇವೆಲ್ಲ ಇದ್ರೂ "ನಿಮ್ಮನ್ನ ಈಗ ಯಾವುದಕ್ಕೆ ಜಾಗ ಕೇಳ್ತಿದೀವಿ" ಅಂತ ವಾಕ್ಯದಲ್ಲಿ ಹೇಳೋಕೆ ನಿಮ್ಗೆ ಸುಲಭವಾಗಿ ಸಿಗೋ ಜಾಗ ಆ ಟೈಟಲ್ ಒಂದೇ. ಸ್ಕ್ರೀನ್ ರೀಡರ್ ಬಳಸೋರಿಗಂತೂ ಡೈಲಾಗ್ ಓಪನ್ ಆದಾಗ ಮೊದಲು ಕಿವಿಗೆ ಬೀಳೋದು ಟೈಟಲ್ಲೇ. ಅವರಿಗೆ ಹಿಂದಿನ ವಿಂಡೋ ನೋಡಿ "ಓ ಇದು ಅದಕ್ಕೆ ಸಂಬಂಧಪಟ್ಟಿದ್ದು" ಅಂತ ಊಹೆ ಮಾಡೋ ಅವಕಾಶಾನೂ ಇರಲ್ಲ.

ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ. ಕೆಳಗೆ ಕ್ಲಾಸ್, ಪ್ರಾಪರ್ಟಿ, ಫಂಕ್ಷನ್ ಹೆಸರುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರ್ದಿದೀನಿ, ನಿಮ್ಮ ಎಡಿಟರ್‌ನಲ್ಲಿ ಅದೇ ಉಚ್ಚಾರಣೆಯ ಇಂಗ್ಲಿಷ್ ಸ್ಪೆಲ್ಲಿಂಗ್ ಟೈಪ್ ಮಾಡೋಕೆ ಶುರು ಮಾಡಿದ್ರೆ ಸಜೆಷನ್ ಲಿಸ್ಟ್‌ನಲ್ಲಿ ಬರತ್ತೆ.

ವಿಂಡೋಸ್ ಫಾರ್ಮ್ಸ್

ಜಾಸ್ತಿ ಜನ ಕೇಳೋದು ಇದನ್ನೇ, ಹಾಗಾಗಿ ಇಲ್ಲಿಂದ ಶುರು ಮಾಡೋಣ. ವಿಂಡೋಸ್ ಫಾರ್ಮ್ಸ್ ಅಂದ್ರೆ ಸಿ ಶಾರ್ಪ್ ಥರದ ಡಾಟ್‌ನೆಟ್ ಭಾಷೆಗಳಲ್ಲಿ ವಿಂಡೋ ಮಾಡೋ ಟೂಲ್‌ಕಿಟ್. ಅದರ ಸೇವ್‌ಫೈಲ್‌ಡೈಲಾಗ್ ಕ್ಲಾಸ್‌ಗೆ ಟೈಟಲ್ ಅಂತ ಒಂದು ಪ್ರಾಪರ್ಟಿ ಇದೆ, ಅದು ಸ್ಟ್ರಿಂಗ್. ಡಿಫಾಲ್ಟ್ ಆಗಿ ಖಾಲಿ ಇರತ್ತೆ. ಖಾಲಿ ಇದ್ರೆ ವಿಂಡೋಸ್ ತನ್ನದೇ ಡಿಫಾಲ್ಟ್ ಹಾಕತ್ತೆ, ಸೇವ್ ಡೈಲಾಗ್‌ಗೆ "ಸೇವ್ ಆಸ್", ಓಪನ್ ಡೈಲಾಗ್‌ಗೆ "ಓಪನ್". ನೀವು ಮಾಡ್ಬೇಕಾಗಿರೋದು ಇಷ್ಟು:

ಡೈಲಾಗ್ = ಹೊಸ ಸೇವ್‌ಫೈಲ್‌ಡೈಲಾಗ್
ಡೈಲಾಗ್.ಟೈಟಲ್ = "ಪಬ್ಲಿಕ್ ಕೀ ಸೇವ್ ಮಾಡಿ"
ಡೈಲಾಗ್.ಫೈಲ್‌ನೇಮ್ = ಮೊದ್ಲೇ ತುಂಬಿಸಿಡೋ ಹೆಸರು
ಡೈಲಾಗ್.ಶೋಡೈಲಾಗ್ ಕರೆದು, ಉತ್ತರ ಡೈಲಾಗ್‌ರಿಸಲ್ಟ್.ಓಕೆ ಆಗಿದ್ರೆ ಮಾತ್ರ ಫೈಲ್ ಬರೀರಿ

ಇಲ್ಲಿ ಆರ್ಡರ್ ಮುಖ್ಯ. ಶೋಡೈಲಾಗ್ ಅನ್ನೋದು ಮೋಡಲ್ ಕಾಲ್, ಅಂದ್ರೆ ಯೂಸರ್ ಸೇವ್ ಅಥವಾ ಕ್ಯಾನ್ಸಲ್ ಒತ್ತೋ ತನಕ ನಿಮ್ಮ ಕೋಡ್ ಆ ಲೈನ್‌ನಲ್ಲೇ ನಿಂತಿರತ್ತೆ. ಟೈಟಲ್ ಸೆಟ್ ಮಾಡೋ ಲೈನ್‌ನ ಅದರ ಕೆಳಗೆ ಬರ್ದ್ರೆ ಅದು ರನ್ ಆಗೋದು ಡೈಲಾಗ್ ಮುಚ್ಚಿದ ಮೇಲೆ. ಎರರ್ ಏನೂ ಬರಲ್ಲ, ಟೈಟಲ್ ಮಾತ್ರ ಬದಲಾಗಿರಲ್ಲ. "ಟೈಟಲ್ ಕೊಟ್ರೂ ಕಾಣಿಸ್ತಿಲ್ಲ" ಅನ್ನೋರು ಮೊದಲು ಇದನ್ನ ಚೆಕ್ ಮಾಡಿ.

ಇದಕ್ಕಿಂತ ಕಾಟ ಕೊಡೋದು ಡಿಸೈನರ್‌ನಿಂದ ಎಳೆದು ಫಾರ್ಮ್ ಮೇಲೆ ಹಾಕಿರೋ ಡೈಲಾಗ್. ಟೂಲ್‌ಬಾಕ್ಸ್‌ನಿಂದ ಡ್ರ್ಯಾಗ್ ಮಾಡಿದ್ರೆ ಅದು ಫಾರ್ಮ್ ಕೆಳಗಿನ ಟ್ರೇನಲ್ಲಿ ಕೂತ್ಕೊಳತ್ತೆ, ಪ್ರಾಪರ್ಟೀಸ್ ವಿಂಡೋದಲ್ಲೇ ಟೈಟಲ್ ಟೈಪ್ ಮಾಡ್ಬೋದು, ಕೋಡೇ ಬೇಡ. ಒಂದೇ ಒಂದು ಕಡೆ ಸೇವ್ ಮಾಡೋ ಪ್ರೋಗ್ರಾಂಗೆ ಇದು ಆರಾಮು. ಆದ್ರೆ ಅದೇ ಆಬ್ಜೆಕ್ಟ್‌ನ ಮೂರ್ನಾಕು ಬಟನ್‌ಗಳು ಹಂಚ್ಕೊಂಡ್ರೆ ಕಷ್ಟ, ಯಾಕಂದ್ರೆ ಫಾರ್ಮ್ ಬದುಕಿರೋ ತನಕ ಆ ಆಬ್ಜೆಕ್ಟ್ ಬದುಕಿರತ್ತೆ, ಹಿಂದಿನ ಸಲ ಕೊಟ್ಟ ಟೈಟಲ್, ಹಿಂದಿನ ಸಲದ ಫೈಲ್ ಹೆಸರು, ಹಿಂದಿನ ಫಿಲ್ಟರ್ ಎಲ್ಲ ಹಾಗೇ ಉಳ್ಕೊಂಡಿರತ್ತೆ. ಬ್ಯಾಕಪ್ ತಗೊಳ್ಳೋಕೆ ಬಟನ್ ಒತ್ತಿದ್ರೆ ಮೇಲ್ಗಡೆ "ಬಿಲ್ ಸೇವ್ ಮಾಡಿ" ಅಂತ ಬರತ್ತೆ. ಟೈಟಲ್ ಇಲ್ದೇ ಇರೋದಕ್ಕಿಂತ ತಪ್ಪು ಟೈಟಲ್ ಇರೋದು ಕೆಟ್ಟದ್ದು, ಇಲ್ದಿದ್ರೆ ಯೂಸರ್ ಸ್ವಲ್ಪ ಯೋಚನೆ ಮಾಡ್ತಾರೆ, ತಪ್ಪಿದ್ರೆ ಅದನ್ನೇ ನಂಬ್ತಾರೆ. ಹಾಗಾಗಿ ಪ್ರತಿ ಸಲ ಹೊಸ ಡೈಲಾಗ್ ಮಾಡಿ, ಯೂಸಿಂಗ್ ಬ್ಲಾಕ್ ಒಳಗೆ ಇಟ್ಟು, ಕೆಲಸ ಆದ್ಮೇಲೆ ಡಿಸ್ಪೋಸ್ ಆಗೋಕೆ ಬಿಡೋದೇ ನನ್ನ ಪ್ರಕಾರ ಸರಿ. ಇಲ್ಲ ಒಂದೇ ಆಬ್ಜೆಕ್ಟ್ ಬೇಕು ಅಂದ್ರೆ ತೋರ್ಸೋಕೆ ಮುಂಚೆ ರೀಸೆಟ್ ಮೆಥಡ್ ಕರೀರಿ, ಅದು ಟೈಟಲ್ ಸಮೇತ ಎಲ್ಲಾ ಪ್ರಾಪರ್ಟಿನೂ ಡಿಫಾಲ್ಟ್‌ಗೆ ತರತ್ತೆ, ಆಮೇಲೆ ಬೇಕಾಗಿದ್ದನ್ನ ಮತ್ತೆ ಸೆಟ್ ಮಾಡ್ಕೊಳ್ಳಿ.

ಟೈಟಲ್ ಜೊತೆಗೇ ಫಿಲ್ಟರ್, ಡಿಫಾಲ್ಟ್‌ಎಕ್ಸ್‌ಟಿ ಕೂಡ ಅದೇ ಜಾಗದಲ್ಲಿ ಸೆಟ್ ಮಾಡಿ, ಮೂರೂ ಒಂದೇ ಕಥೆ ಹೇಳ್ಬೇಕು. ಟೈಟಲ್ "ಪಿಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡಿ" ಅಂತಿದ್ದು ಕೆಳಗೆ ಟೈಪ್ ಲಿಸ್ಟ್‌ನಲ್ಲಿ ಟೆಕ್ಸ್ಟ್ ಫೈಲ್ ಅಂತಿದ್ರೆ ಯೂಸರ್ ಯಾವುದನ್ನ ನಂಬ್ಬೇಕು? ಫಿಲ್ಟರ್‌ಇಂಡೆಕ್ಸ್ ಎಣಿಕೆ ಸೊನ್ನೆಯಿಂದಲ್ಲ, 1ರಿಂದ ಶುರು ಆಗತ್ತೆ, ಅದೂ ನೆನಪಿರ್ಲಿ. ಓವರ್‌ರೈಟ್‌ಪ್ರಾಂಪ್ಟ್ ಡಿಫಾಲ್ಟ್ ಆಗಿ ಆನ್ ಇರತ್ತೆ, ಅದನ್ನ ಆಫ್ ಮಾಡೋಕೆ ಹೋಗ್ಬೇಡಿ.

ಇನ್ನೊಂದು: ಈ ಡೈಲಾಗ್ ಫೈಲ್ ಸೇವ್ ಮಾಡಲ್ಲ. ಹೆಸರು ನೋಡಿ ಹೊಸಬರಿಗೆ ಹಾಗನ್ಸತ್ತೆ, ಆದ್ರೆ ಅದು ಕೊಡೋದು ಬರೀ ಪಾತ್, ಬರೆಯೋ ಕೆಲಸ ನಿಮ್ಮದು.

ಡಾಟ್‌ನೆಟ್‌ನ ಇನ್ನೊಂದು ಟೂಲ್‌ಕಿಟ್ ಡಬ್ಲ್ಯೂಪಿಎಫ್‌ನಲ್ಲಿ ಕ್ಲಾಸ್ ಹೆಸರು ಅದೇ, ಪ್ರಾಪರ್ಟಿ ಹೆಸರೂ ಅದೇ, ಇರೋ ಜಾಗ ಮಾತ್ರ ಮೈಕ್ರೋಸಾಫ್ಟ್ ಡಾಟ್ ವಿನ್32 ನೇಮ್‌ಸ್ಪೇಸ್. ಶೋಡೈಲಾಗ್ ಇಲ್ಲಿ ಓಕೆ ಅಂತ ಹೇಳಲ್ಲ, ನಲ್ಲಬಲ್ ಬೂಲ್ (ಟ್ರೂ, ಫಾಲ್ಸ್ ಅಥವಾ ನಲ್) ಕೊಡತ್ತೆ, ಹಾಗಾಗಿ ಟ್ರೂಗೆ ಸಮ ಇದ್ಯಾ ಅಂತ ನೇರವಾಗಿ ಹೋಲಿಸಿ ನೋಡ್ಬೇಕು. ಎರಡೂ ನೇಮ್‌ಸ್ಪೇಸ್ ಒಂದೇ ಫೈಲ್‌ನಲ್ಲಿ ಇಂಪೋರ್ಟ್ ಆಗಿದ್ರೆ ಯಾವ ಸೇವ್‌ಫೈಲ್‌ಡೈಲಾಗ್ ಅಂತ ಕಂಪೈಲರ್‌ಗೆ ಗೊತ್ತಾಗದೆ ಎರರ್ ಕೊಡತ್ತೆ, ಪೂರ್ತಿ ಹೆಸರು ಬರೀರಿ ಸರಿ ಹೋಗತ್ತೆ.

ಸಿ ಮತ್ತೆ ಸಿ ಪ್ಲಸ್ ಪ್ಲಸ್‌ನಲ್ಲಿ ನೇರವಾಗಿ ವಿನ್32, ಅಂದ್ರೆ ವಿಂಡೋಸ್‌ನ ಮೂಲ ಎಪಿಐ ಬಳಸ್ತಿದ್ರೆ ಎರಡು ದಾರಿ. ಹಳೇದು ಗೆಟ್‌ಸೇವ್‌ಫೈಲ್‌ನೇಮ್, ಇದಕ್ಕೆ ಓಪನ್‌ಫೈಲ್‌ನೇಮ್ ಅನ್ನೋ ಸ್ಟ್ರಕ್ಚರ್ ಕೊಡ್ಬೇಕು, ಅದರಲ್ಲಿ ಎಲ್‌ಪಿಎಸ್‌ಟಿಆರ್‌ಟೈಟಲ್ ಅನ್ನೋ ಫೀಲ್ಡ್‌ನಲ್ಲಿ ಟೈಟಲ್. ಅದು ನಲ್ ಆಗಿದ್ರೆ ಡಿಫಾಲ್ಟ್ ಬರತ್ತೆ. ಸ್ಟ್ರಕ್ಚರ್‌ನ ಮೊದಲು ಪೂರ್ತಿ ಸೊನ್ನೆ ಮಾಡ್ಕೊಳ್ಳಿ, ಇಲ್ದಿದ್ರೆ ಬೇರೆ ಫೀಲ್ಡ್‌ಗಳಲ್ಲಿ ಕಸ ಕೂತಿದ್ದು ಡೈಲಾಗ್ ಓಪನ್ನೇ ಆಗ್ದೇ ಇರ್ಬೋದು, ಕ್ರ್ಯಾಷೂ ಆಗ್ಬೋದು. ಹೊಸ ದಾರಿ ವಿಂಡೋಸ್ ವಿಸ್ಟಾ ಜೊತೆ ಬಂದ ಐಫೈಲ್‌ಸೇವ್‌ಡೈಲಾಗ್, ಇದು ಕಾಮ್ (ವಿಂಡೋಸ್‌ನ ಕಾಂಪೊನೆಂಟ್ ವ್ಯವಸ್ಥೆ) ಇಂಟರ್‌ಫೇಸ್. ಸೆಟ್‌ಟೈಟಲ್ ಟೈಟಲ್‌ಗೆ, ಸೆಟ್‌ಓಕೆಬಟನ್‌ಲೇಬಲ್ ಸೇವ್ ಬಟನ್ ಮೇಲಿನ ಅಕ್ಷರಕ್ಕೆ, ಸೆಟ್‌ಫೈಲ್‌ನೇಮ್‌ಲೇಬಲ್ ಫೈಲ್ ಹೆಸರಿನ ಪಕ್ಕದ ಲೇಬಲ್‌ಗೆ. ವಿಂಡೋಸ್ ಫಾರ್ಮ್ಸ್‌ನ ಸೇವ್‌ಫೈಲ್‌ಡೈಲಾಗ್‌ನಲ್ಲಿ ಆ ಬಟನ್ ಅಕ್ಷರ ಬದಲಾಯ್ಸೋ ಪ್ರಾಪರ್ಟಿ ಇಲ್ಲ, ಬೇಕೇ ಬೇಕು ಅಂದ್ರೆ ಈ ಇಂಟರ್‌ಫೇಸ್‌ಗೇ ಬರ್ಬೇಕು. ಮೈಕ್ರೋಸಾಫ್ಟ್‌ನ ಸಿ ಪ್ಲಸ್ ಪ್ಲಸ್ ಲೈಬ್ರರಿ ಎಂಎಫ್‌ಸಿಯಲ್ಲಾದ್ರೆ ಸಿಫೈಲ್‌ಡೈಲಾಗ್ ಒಳಗಿನ ಎಂ ಅಂಡರ್‌ಸ್ಕೋರ್ ಓಎಫ್ಎನ್ ಮೆಂಬರ್‌ನ ಅದೇ ಎಲ್‌ಪಿಎಸ್‌ಟಿಆರ್‌ಟೈಟಲ್‌ಗೆ ಡುಮೋಡಲ್ ಕರೆಯೋಕೆ ಮುಂಚೆ ಕೊಡಿ, ಆದ್ರೆ ಅದು ಬರೀ ಪಾಯಿಂಟರ್, ಡೈಲಾಗ್ ಮುಗಿಯೋ ತನಕ ಆ ಸ್ಟ್ರಿಂಗ್ ಮೆಮೊರಿಯಲ್ಲಿ ಬದುಕಿರ್ಬೇಕು, ಟೆಂಪರರಿ ಸ್ಟ್ರಿಂಗ್ ಕೊಟ್ರೆ ಟೈಟಲ್ ಬಾರ್‌ನಲ್ಲಿ ಅರ್ಥ ಇಲ್ದಿರೋ ಅಕ್ಷರ ಬರೋ ಸಾಧ್ಯತೆ ಇದೆ.

ಡೆಲ್ಫಿ, ಲಜಾರಸ್‌ನೋರಿಗೆ ಟಿಸೇವ್‌ಡೈಲಾಗ್‌ನ ಟೈಟಲ್ ಪ್ರಾಪರ್ಟಿ, ಆಬ್ಜೆಕ್ಟ್ ಇನ್ಸ್‌ಪೆಕ್ಟರ್‌ನಲ್ಲೇ ಇದೆ. ಎಕ್ಸೆಲ್ ಮ್ಯಾಕ್ರೋ ಬರೆಯೋರಿಗೆ ಅಪ್ಲಿಕೇಷನ್ ಡಾಟ್ ಗೆಟ್‌ಸೇವ್‌ಆಸ್‌ಫೈಲ್‌ನೇಮ್ ಇದೆ, ಅದಕ್ಕೆ ಟೈಟಲ್ ಅನ್ನೋ ಆರ್ಗ್ಯುಮೆಂಟ್ ಹೆಸರು ಹಿಡಿದು ಕೊಟ್ಬಿಡಿ, ಜಾಗ ಎಣಿಸ್ಕೊಂಡು ಕೂರೋದು ಬೇಡ. ಕ್ಯಾನ್ಸಲ್ ಮಾಡಿದ್ರೆ ಇದು ಖಾಲಿ ಸ್ಟ್ರಿಂಗ್ ಅಲ್ಲ, ಫಾಲ್ಸ್ ಅನ್ನೋ ಬೂಲಿಯನ್ ಕೊಡತ್ತೆ, ಉತ್ತರನ ಸ್ಟ್ರಿಂಗ್ ವೇರಿಯಬಲ್‌ಗೆ ಹಾಕ್ಕೊಂಡು ಚೆಕ್ ಮಾಡದೆ ಮುಂದೆ ಹೋದ್ರೆ "ಫಾಲ್ಸ್" ಅಂತಲೇ ಹೆಸರಿರೋ ಫೈಲ್ ಹುಟ್ಟತ್ತೆ. ವೇರಿಯಂಟ್‌ನಲ್ಲಿ ಇಟ್ಕೊಳ್ಳಿ.

ಪೈಥಾನ್ ಟಿಕಿಂಟರ್

ಟಿಕಿಂಟರ್ ಅಂದ್ರೆ ಪೈಥಾನ್ ಜೊತೆಗೇ ಬರೋ ವಿಂಡೋ ಲೈಬ್ರರಿ. ಅದರ ಫೈಲ್‌ಡೈಲಾಗ್ ಮಾಡ್ಯೂಲ್‌ನ ಆಸ್ಕ್‌ಸೇವ್‌ಆಸ್‌ಫೈಲ್‌ನೇಮ್ ಫಂಕ್ಷನ್‌ಗೆ ಟೈಟಲ್ ಅನ್ನೋ ಕೀವರ್ಡ್ ಆರ್ಗ್ಯುಮೆಂಟ್:

ಪಾತ್ = ಫೈಲ್‌ಡೈಲಾಗ್.ಆಸ್ಕ್‌ಸೇವ್‌ಆಸ್‌ಫೈಲ್‌ನೇಮ್(ಪೇರೆಂಟ್=ರೂಟ್, ಟೈಟಲ್="ಪ್ರೈವೇಟ್ ಕೀ ಸೇವ್ ಮಾಡಿ", ಇನಿಷಿಯಲ್‌ಫೈಲ್=ಹೆಸರು)

ಪೇರೆಂಟ್ ಕೊಡೋದನ್ನ ಮರೀಬೇಡಿ. ಕೊಡದೇ ಇದ್ರೆ ಡೈಲಾಗ್ ಮುಖ್ಯ ವಿಂಡೋಗೆ ಅಂಟ್ಕೊಂಡು ಬರತ್ತೆ, ನಿಮ್ಮದು ಎರಡನೇ ವಿಂಡೋದಿಂದ ಕರೆದ ಡೈಲಾಗ್ ಆಗಿದ್ರೆ ಅದು ಆ ವಿಂಡೋ ಹಿಂದೆ ಅಡಗಿ ಕೂರೋ ಸಾಧ್ಯತೆ ಇರತ್ತೆ, ಎಷ್ಟ್ ಒಳ್ಳೇ ಟೈಟಲ್ ಬರ್ದಿದ್ರೂ ಕಾಣದೇ ಇದ್ರೆ ಏನ್ ಪ್ರಯೋಜನ. ಕ್ಯಾನ್ಸಲ್ ಮಾಡಿದ್ರೆ ಖಾಲಿ ಉತ್ತರ ಬರತ್ತೆ, "ಇಫ್ ನಾಟ್ ಪಾತ್" ಅಂತ ನೋಡೋದು ಸಾಕು. ಆಸ್ಕ್‌ಸೇವ್‌ಆಸ್‌ಫೈಲ್ ಅಂತ ಇನ್ನೊಂದಿದೆ, ಅದಕ್ಕೂ ಟೈಟಲ್ ಹೀಗೇ ಕೊಡೋದು, ಆದ್ರೆ ಅದು ಪಾತ್ ಬದಲು ಆಗ್ಲೇ ಬರೆಯೋಕೆ ಓಪನ್ ಮಾಡಿರೋ ಫೈಲ್ ಕೊಡತ್ತೆ. ಅಂದ್ರೆ ಯೂಸರ್ ಹಳೇ ಫೈಲ್ ಹೆಸರು ಕೊಟ್ಟಿದ್ರೆ ಅದರೊಳಗಿದ್ದಿದ್ದು ಆ ಕ್ಷಣಕ್ಕೇ ಖಾಲಿ, ಆಮೇಲೆ ನಿಮ್ಮ ಕೋಡ್‌ನಲ್ಲಿ ಎರರ್ ಬಂದ್ರೆ ಹಳೇದೂ ಇಲ್ಲ ಹೊಸದೂ ಇಲ್ಲ. ನಾನು ಯಾವಾಗ್ಲೂ ಪಾತ್ ಕೊಡೋದನ್ನೇ ಬಳಸಿ ಅಂತೀನಿ.

ಜಾವಾ

ಜಾವಾದ ಹಳೇ ವಿಂಡೋ ಲೈಬ್ರರಿ ಸ್ವಿಂಗ್‌ನಲ್ಲಿ ಜೆಫೈಲ್‌ಚೂಸರ್. ಇದರಲ್ಲಿ ಪ್ರಾಪರ್ಟಿ ಹೆಸರು ಬರೀ ಟೈಟಲ್ ಅಲ್ಲ, ಡೈಲಾಗ್‌ಟೈಟಲ್, ಹಾಗಾಗಿ ಮೆಥಡ್ ಸೆಟ್‌ಡೈಲಾಗ್‌ಟೈಟಲ್. ಸೆಟ್‌ಟೈಟಲ್ ಅಂತ ಹುಡುಕಿ ಸಿಗ್ಲಿಲ್ಲ ಅಂತ ತಲೆ ಕೆಡಿಸ್ಕೊಳ್ಳೋರು ಬಹಳ, ಯಾಕಂದ್ರೆ ಜೆಫೈಲ್‌ಚೂಸರ್ ಅನ್ನೋದು ನಿಜವಾಗ್ಲೂ ವಿಂಡೋ ಅಲ್ಲ, ಅದೊಂದು ಕಾಂಪೊನೆಂಟ್, ಶೋಸೇವ್‌ಡೈಲಾಗ್ ಕರೆದಾಗ ತನ್ನ ಸುತ್ತ ಒಂದು ವಿಂಡೋ ಕಟ್ಕೊಂಡು ಆ ಟೈಟಲ್‌ನ ಅದಕ್ಕೆ ಕೊಡತ್ತೆ. ಬಟನ್ ಮೇಲಿನ ಅಕ್ಷರಕ್ಕೆ ಸೆಟ್‌ಅಪ್ರೂವ್‌ಬಟನ್‌ಟೆಕ್ಸ್ಟ್. ಇಲ್ಲಿ ಎಚ್ಚರ ಬೇಕಾಗಿರೋದು ಓವರ್‌ರೈಟ್ ವಿಷಯದಲ್ಲಿ, ಜೆಫೈಲ್‌ಚೂಸರ್ ತಾನಾಗೇ "ರಿಪ್ಲೇಸ್ ಮಾಡ್ಲಾ" ಅಂತ ಕೇಳಲ್ಲ. ಮೇಲೆ ಹೇಳಿದ ಕೀ ಪ್ರೋಗ್ರಾಂ ಸ್ವಿಂಗ್‌ನಲ್ಲಿದ್ದಿದ್ರೆ ಎಚ್ಚರಿಸೋಕೆ ಅದೊಂದು ಪ್ರಶ್ನೆನೂ ಬರ್ತಿರ್ಲಿಲ್ಲ. ಫೈಲ್ ಇದ್ಯಾ ಅಂತ ಎಕ್ಸಿಸ್ಟ್ಸ್ ಮೆಥಡ್‌ನಿಂದ ನೀವೇ ನೋಡಿ ನೀವೇ ಕೇಳ್ಬೇಕು.

ಜಾವಾಎಫ್‌ಎಕ್ಸ್ ಸರಳ: ಫೈಲ್‌ಚೂಸರ್, ಸೆಟ್‌ಟೈಟಲ್, ಶೋಸೇವ್‌ಡೈಲಾಗ್. ಕ್ಯಾನ್ಸಲ್ ಆದ್ರೆ ನಲ್. ಇದು ಆಪರೇಟಿಂಗ್ ಸಿಸ್ಟಂನ ಸ್ವಂತ ಡೈಲಾಗ್ ತೋರ್ಸತ್ತೆ.

ಕ್ಯೂಟಿ

ಕ್ಯೂಟಿ ಅಂದ್ರೆ ಸಿ ಪ್ಲಸ್ ಪ್ಲಸ್‌ನ ಟೂಲ್‌ಕಿಟ್, ಎಲ್ಲಾ ಸಿಸ್ಟಂ ಮೇಲೂ ನಡೆಯತ್ತೆ. ಅದರ ಕ್ಯೂಫೈಲ್‌ಡೈಲಾಗ್‌ನ ಗೆಟ್‌ಸೇವ್‌ಫೈಲ್‌ನೇಮ್ ಸ್ಟ್ಯಾಟಿಕ್ ಫಂಕ್ಷನ್‌ನಲ್ಲಿ ಮೊದಲ್ನೇ ಆರ್ಗ್ಯುಮೆಂಟ್ ಪೇರೆಂಟ್, ಎರಡನೇದು ಕ್ಯಾಪ್ಷನ್, ಮೂರನೇದು ಡೈರೆಕ್ಟರಿ, ನಾಲ್ಕನೇದು ಫಿಲ್ಟರ್. ಆ ಕ್ಯಾಪ್ಷನ್ ಅನ್ನೋದೇ ಟೈಟಲ್. ಡೈರೆಕ್ಟರಿ ಜಾಗದಲ್ಲಿ ಫೋಲ್ಡರ್ ಜೊತೆ ಫೈಲ್ ಹೆಸರೂ ಸೇರಿಸಿ ಕೊಟ್ರೆ ಆ ಹೆಸರು ಮೊದ್ಲೇ ತುಂಬಿರತ್ತೆ. ಕ್ಯಾಪ್ಷನ್, ಡೈರೆಕ್ಟರಿ ಎರಡೂ ಸ್ಟ್ರಿಂಗ್ ಆಗಿರೋದ್ರಿಂದ ಅದಲು ಬದಲು ಆದ್ರೂ ಕಂಪೈಲರ್ ಬಾಯಿ ಬಿಡಲ್ಲ, ಟೈಟಲ್ ಜಾಗದಲ್ಲಿ ಫೋಲ್ಡರ್ ಪಾತ್ ಕಂಡ್ರೆ ಆರ್ಡರ್ ತಿರುವುಮುರುವು ಆಗಿದೆ ಅಂತ ಅರ್ಥ. ಪೈಥಾನ್‌ನಿಂದ ಕ್ಯೂಟಿ ಬಳಸೋದಾದ್ರೆ, ಪೈಕ್ಯೂಟಿ 5ರಿಂದ ಈಚೆಗೆ ಮತ್ತೆ ಪೈಸೈಡ್‌ನಲ್ಲಿ ಇದು ಎರಡು ಬೆಲೆ ಇರೋ ಟಪಲ್ ಕೊಡತ್ತೆ, ಮೊದಲ್ನೇದು ಪಾತ್, ಎರಡನೇದು ಯೂಸರ್ ಆರಿಸಿದ ಫಿಲ್ಟರ್. ಪೂರ್ತಿ ಟಪಲ್‌ನ "ಖಾಲಿ ಇದ್ಯಾ" ಅಂತ ನೋಡಿದ್ರೆ ಕ್ಯಾನ್ಸಲ್ ಆದ್ರೂ ಖಾಲಿ ಅಲ್ಲ ಅಂತಲೇ ಬರತ್ತೆ, ಬಿಡಿಸ್ಕೊಂಡು ಪಾತ್ ಮಾತ್ರ ನೋಡಿ.

ಆಬ್ಜೆಕ್ಟ್ ಮಾಡ್ಕೊಂಡು ತೋರ್ಸೋದಾದ್ರೆ ಸೆಟ್‌ವಿಂಡೋಟೈಟಲ್, ಜೊತೆಗೆ ಸೆಟ್‌ಅಕ್ಸೆಪ್ಟ್‌ಮೋಡ್‌ಗೆ ಅಕ್ಸೆಪ್ಟ್‌ಸೇವ್ ಕೊಡಿ, ಅದನ್ನ ಮರೆತ್ರೆ ಮೇಲೆ ಸೇವ್ ಅಂತ ಟೈಟಲ್, ಕೆಳಗೆ ಓಪನ್ ಅಂತ ಬಟನ್.

ಎಲೆಕ್ಟ್ರಾನ್ ಮತ್ತೆ ಲಿನಕ್ಸ್

ಜಾವಾಸ್ಕ್ರಿಪ್ಟ್‌ನಲ್ಲಿ ಡೆಸ್ಕ್‌ಟಾಪ್ ಪ್ರೋಗ್ರಾಂ ಮಾಡೋ ಎಲೆಕ್ಟ್ರಾನ್‌ನ ಡೈಲಾಗ್ ಡಾಟ್ ಶೋಸೇವ್‌ಡೈಲಾಗ್‌ಗೆ ಕೊಡೋ ಆಪ್ಷನ್ಸ್ ಆಬ್ಜೆಕ್ಟ್‌ನಲ್ಲಿ ಟೈಟಲ್, ಡಿಫಾಲ್ಟ್‌ಪಾತ್, ಬಟನ್‌ಲೇಬಲ್, ಫಿಲ್ಟರ್ಸ್ ಇವೆ. ಪ್ರಾಮಿಸ್ ಕೊಡತ್ತೆ, ಉತ್ತರದಲ್ಲಿ ಕ್ಯಾನ್ಸಲ್ಡ್ ಮತ್ತೆ ಫೈಲ್‌ಪಾತ್. ಕೆಲವು ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಟೈಟಲ್ ಕಾಣದೇ ಇರ್ಬೋದು ಅಂತ ಅದರ ಡಾಕ್ಯುಮೆಂಟೇಷನ್‌ನಲ್ಲೇ ಬರ್ದಿದಾರೆ, ಅದನ್ನ ಹಗುರವಾಗಿ ತಗೋಬೇಡಿ.

ಲಿನಕ್ಸ್‌ನಲ್ಲಿ ಜಿಟಿಕೆ ಟೂಲ್‌ಕಿಟ್ ಬಳಸೋರು, 4.10ರಿಂದ ಜಿಟಿಕೆಫೈಲ್‌ಡೈಲಾಗ್ ಬಂದಿದೆ, ಹಳೇ ಜಿಟಿಕೆಫೈಲ್‌ಚೂಸರ್‌ಡೈಲಾಗ್ ಡೆಪ್ರಿಕೇಟ್ ಆಗಿದೆ. ಹೊಸದ್ರಲ್ಲಿ ಸೆಟ್‌ಟೈಟಲ್, ಸೆಟ್‌ಅಕ್ಸೆಪ್ಟ್‌ಲೇಬಲ್ ಎರಡೂ ಇವೆ, ಸೇವ್ ಕಾಲ್ ಮಾತ್ರ ಅಸಿಂಕ್, ಕಾಲ್‌ಬ್ಯಾಕ್‌ನಲ್ಲಿ ಉತ್ತರ ತಗೋಬೇಕು. ಫ್ಲಾಟ್‌ಪ್ಯಾಕ್ (ಲಿನಕ್ಸ್ ಪ್ರೋಗ್ರಾಂಗಳನ್ನ ಹಂಚೋ ಒಂದು ಪ್ಯಾಕೇಜ್) ಆಗಿ ಪ್ಯಾಕ್ ಮಾಡಿದ್ರೆ ಡೈಲಾಗ್ ತೋರ್ಸೋದು ಸಾಮಾನ್ಯವಾಗಿ ನಿಮ್ಮ ಪ್ರೋಗ್ರಾಂ ಅಲ್ಲ, ಪೋರ್ಟಲ್ ಅನ್ನೋ ಹೊರಗಿನ ಸರ್ವಿಸ್. ನೀವು ಟೈಟಲ್ ಕಳಿಸ್ತೀರಾ, ಅದನ್ನ ಎಲ್ಲಿ ಹೇಗೆ ತೋರ್ಸೋದು ಅನ್ನೋದು ಆ ಡೆಸ್ಕ್‌ಟಾಪ್‌ಗೆ ಬಿಟ್ಟಿದ್ದು.

ಮ್ಯಾಕ್‌ನಲ್ಲಿ ಟೈಟಲ್ ನಂಬ್ಕೊಂಡು ಕೂರ್ಬೇಡಿ

ವಿಂಡೋಸ್ ಮೇಲೆ ಚೆನ್ನಾಗಿ ಕಂಡಿದ್ದನ್ನ ಮ್ಯಾಕ್ ಮೇಲೆ ರನ್ ಮಾಡಿ ನೋಡಿದೋರಿಗೆ ಗೊತ್ತು. ಸೇವ್ ಡೈಲಾಗ್ ಅಲ್ಲಿ ಎಷ್ಟೋ ಸಲ ಶೀಟ್ ಆಗಿ, ಅಂದ್ರೆ ಮುಖ್ಯ ವಿಂಡೋಗೇ ಅಂಟ್ಕೊಂಡು ಬರತ್ತೆ, ಶೀಟ್‌ಗೆ ಟೈಟಲ್ ಬಾರೇ ಇಲ್ಲ. ನೀವು ಕೊಟ್ಟ ಟೈಟಲ್ ಸೆಟ್ ಆಗಿರತ್ತೆ, ಯಾವ ಎರರೂ ಇಲ್ಲ, ಯೂಸರ್‌ಗೆ ಮಾತ್ರ ಏನೂ ಕಾಣಲ್ಲ.

ಅದಕ್ಕೆ ಮ್ಯಾಕ್‌ನ ಸ್ವಂತ ಸೇವ್ ಡೈಲಾಗ್ ಕ್ಲಾಸ್ ಎನ್‌ಎಸ್‌ಸೇವ್‌ಪ್ಯಾನೆಲ್‌ನಲ್ಲಿ ಟೈಟಲ್ ಜೊತೆ ಇನ್ನೂ ಮೂರು ಪ್ರಾಪರ್ಟಿ ಕೊಟ್ಟಿದಾರೆ. ಮೆಸೇಜ್ ಅನ್ನೋದು ಪ್ಯಾನೆಲ್ ಒಳಗಡೆ ಮೇಲ್ಭಾಗದಲ್ಲಿ ಕಾಣೋ ವಾಕ್ಯ. ಪ್ರಾಂಪ್ಟ್ ಅನ್ನೋದು ಸೇವ್ ಬಟನ್ ಮೇಲಿನ ಅಕ್ಷರ. ನೇಮ್‌ಫೀಲ್ಡ್‌ಲೇಬಲ್ ಅನ್ನೋದು ಫೈಲ್ ಹೆಸರಿನ ಬಾಕ್ಸ್ ಪಕ್ಕದ ಲೇಬಲ್. ವಿಂಡೋಸ್‌ನಲ್ಲಿ ಟೈಟಲ್ ಮಾಡೋ ಕೆಲಸನ ಇಲ್ಲಿ ಮಾಡ್ಬೇಕಾಗಿರೋದು ಮೆಸೇಜ್. ಕೀ ಪ್ರೋಗ್ರಾಂನಲ್ಲಾದ್ರೆ ಮೆಸೇಜ್‌ನಲ್ಲಿ "ಪ್ರೈವೇಟ್ ಕೀ ಎಲ್ಲಿ ಇಡ್ಬೇಕು ಅಂತ ಆರಿಸಿ, ಇದನ್ನ ಯಾರಿಗೂ ಕಳಿಸ್ಬೇಡಿ" ಅಂತ ಪೂರ್ತಿ ವಾಕ್ಯ ಬರೀಬೋದು, ಟೈಟಲ್‌ಗಿಂತ ಜಾಸ್ತಿ ಜಾಗ ಸಿಗತ್ತೆ.

ಬೇರೆ ಟೂಲ್‌ಕಿಟ್‌ನಿಂದ ಬರೋರಿಗೂ ದಾರಿ ಇದೆ. ಎಲೆಕ್ಟ್ರಾನ್‌ನಲ್ಲಿ ಮ್ಯಾಕ್‌ಗೆ ಅಂತಲೇ ಮೆಸೇಜ್ ಮತ್ತೆ ನೇಮ್‌ಫೀಲ್ಡ್‌ಲೇಬಲ್ ಆಪ್ಷನ್ ಇವೆ, ಬೇರೆ ಸಿಸ್ಟಂಗಳಲ್ಲಿ ಅವು ಲೆಕ್ಕಕ್ಕೆ ಬರಲ್ಲ, ಹಾಗಾಗಿ ಟೈಟಲ್ ಮೆಸೇಜ್ ಎರಡನ್ನೂ ಒಟ್ಟಿಗೆ ಕೊಟ್ಬಿಡಿ. ಟಿಕಿಂಟರ್ ಕೆಳಗಿರೋ ಟಿಕೆಯಲ್ಲೂ ಮೆಸೇಜ್ ಅನ್ನೋ ಆಪ್ಷನ್ ಇದೆ, ಆದ್ರೆ ಅದು ಮ್ಯಾಕ್‌ನಲ್ಲಿ ಮಾತ್ರ, ಹಾಗಾಗಿ ಸಿಸ್ ಡಾಟ್ ಪ್ಲಾಟ್‌ಫಾರ್ಮ್ "ಡಾರ್ವಿನ್" ಇದ್ಯಾ ನೋಡ್ಕೊಂಡು ಆಮೇಲೆ ಸೇರಿಸಿ.

ಮೆಸೇಜ್ ಕೊಡೋಕೇ ಆಗದಂಥ ಟೂಲ್‌ಕಿಟ್ ಆಗಿದ್ರೆ? ಆಗ ಫೈಲ್ ಹೆಸರೇ ಮಾತಾಡ್ಬೇಕು. ಡಿಫಾಲ್ಟ್ ಹೆಸರು "ಅನ್‌ಟೈಟಲ್ಡ್" ಅಂತ ಬಿಡೋ ಬದಲು "ನನ್ನ-ಪ್ರೈವೇಟ್-ಕೀ" ಅಂತ ತುಂಬಿಸಿಡಿ. ಇದು ಎಲ್ಲಾ ಸಿಸ್ಟಂನಲ್ಲೂ ಕಾಣತ್ತೆ, ಯೂಸರ್ ಕಣ್ಣು ಹೇಗಿದ್ರೂ ಮೊದಲು ಬೀಳೋದು ಆ ಬಾಕ್ಸ್ ಮೇಲೆ. ಹೆಸರು ಬೇರೆ ಬೇರೆ ಇದ್ರೆ ಒಂದ್ರ ಮೇಲೆ ಇನ್ನೊಂದು ಬರೆಯೋ ಅಪಾಯಾನೂ ಕಮ್ಮಿ. ನನ್ನ ಕೇಳಿದ್ರೆ ಟೈಟಲ್ ಕಾಣೋ ಕಡೆನೂ ಇದನ್ನ ಮಾಡ್ಲೇಬೇಕು, ಟೈಟಲ್ ಓದದೇ ಎಂಟರ್ ಒತ್ತೋ ಜನ ಇದ್ದೇ ಇರ್ತಾರೆ.

ಟೈಟಲ್‌ನಲ್ಲಿ ಏನ್ ಬರೀಬೇಕು

ಕೋಡ್ ಒಂದು ನಿಮಿಷದ ಕೆಲಸ, ಮಾತು ಆರಿಸೋಕೆ ಸ್ವಲ್ಪ ಹೊತ್ತು ಕೊಡಿ. ಯೂಸರ್ ಯಾವ ಮೆನು ಅಥವಾ ಬಟನ್ ಒತ್ತಿ ಇಲ್ಲಿಗೆ ಬಂದ್ರೋ ಅದೇ ಮಾತು ಟೈಟಲ್‌ನಲ್ಲಿ ಇರ್ಲಿ. ಮೆನುನಲ್ಲಿ "ವರದಿ ಎಕ್ಸ್‌ಪೋರ್ಟ್ ಮಾಡಿ..." ಅಂತಿದ್ರೆ ಟೈಟಲ್ "ವರದಿ ಎಕ್ಸ್‌ಪೋರ್ಟ್ ಮಾಡಿ". ಕೊನೆಯ ಮೂರು ಚುಕ್ಕೆ ತೆಗೀರಿ, ಮುಂದೆ ಇನ್ನೊಂದು ಡೈಲಾಗ್ ಬರತ್ತೆ ಅನ್ನೋಕೆ ಮೆನುನಲ್ಲಿ ಅದು ಬೇಕು, ಡೈಲಾಗ್ ಬಂದ್ಮೇಲೆ ಯಾಕೆ. ಮೆನುನಲ್ಲಿ ವರದಿ, ಟೈಟಲ್‌ನಲ್ಲಿ ರಿಪೋರ್ಟ್, ಫೈಲ್ ಹೆಸರಲ್ಲಿ ಡಾಕ್ಯುಮೆಂಟ್ ಅಂತ ಮೂರು ಹೆಸರು ಇಟ್ರೆ ಯೂಸರ್ ಮೂರು ಬೇರೆ ವಸ್ತು ಅಂತ ತಿಳ್ಕೋತಾರೆ.

ಗುರುತು ಸಿಗೋ ಮಾತು ಮೊದಲು ಬರ್ಲಿ. ಡೈಲಾಗ್ ಸಣ್ಣದಾದ್ರೆ ಉದ್ದ ಟೈಟಲ್‌ನ ಬಾಲ ಕಟ್ ಆಗತ್ತೆ. "ಈ ಕೆಳಗಿನ ಜಾಗದಲ್ಲಿ ದಯವಿಟ್ಟು ನಿಮ್ಮ ಪ್ರೈವೇಟ್ ಕೀ..." ಅಂತ ಬರ್ದ್ರೆ ಕಾಣೋದು ದಯವಿಟ್ಟು ತನಕ ಮಾತ್ರ. ಕಂಪನಿ ಹೆಸರು, ಪ್ರೋಗ್ರಾಂ ಹೆಸರು, ವರ್ಷನ್ ನಂಬರ್ ಇವು ಮುಖ್ಯ ವಿಂಡೋದಲ್ಲಿ ಇರ್ಲಿ, ಇಲ್ಲಿ ಬೇಡ. ಪೂರ್ತಿ ಫೈಲ್ ಪಾತ್ ತುರುಕೋದೂ ಬೇಡ, ಡೈಲಾಗ್ ಒಳಗೇ ಅದು ಕಾಣತ್ತೆ.

ಟೈಟಲ್ ಖಾಲಿ ಬಿಡೋದೇ ಸರಿ ಅನ್ನೋ ಸಂದರ್ಭಾನೂ ಇದೆ. ಸಿಂಪಲ್ ಟೆಕ್ಸ್ಟ್ ಎಡಿಟರ್, ಒಂದೇ ಥರದ ಫೈಲ್, ಒಂದೇ ಸೇವ್ ಮೆನು, ಯೂಸರ್ ಕಣ್ಣ ಮುಂದೇನೇ ಆ ಡಾಕ್ಯುಮೆಂಟ್ ಓಪನ್ ಇದೆ ಅಂದ್ರೆ ಅಲ್ಲಿ ಡಿಫಾಲ್ಟ್ ಸಾಕು. ಖಾಲಿ ಬಿಟ್ರೆ ವಿಂಡೋಸ್ ತನ್ನ ಡಿಸ್‌ಪ್ಲೇ ಭಾಷೆಯಲ್ಲೇ ಟೈಟಲ್ ಹಾಕತ್ತೆ, ನೀವು ಅನುವಾದ ಮಾಡ್ಬೇಕಾಗಿಲ್ಲ. ನೀವು ಒಂದ್ಸಲ ಟೈಟಲ್ ಕೊಟ್ರಿ ಅಂದ್ರೆ ಅದರ ಎಲ್ಲಾ ಭಾಷೆಯ ಜವಾಬ್ದಾರಿನೂ ನಿಮ್ಮದೇ.

ಕನ್ನಡದಲ್ಲಿ ಟೈಟಲ್ ಕೊಡೋದಾದ್ರೆ

ಸಿ ಶಾರ್ಪ್, ಪೈಥಾನ್ 3, ಎಲೆಕ್ಟ್ರಾನ್ ಇವುಗಳಲ್ಲಿ ಸ್ಟ್ರಿಂಗ್ ಯೂನಿಕೋಡ್, ಹಾಗಾಗಿ ನೇರವಾಗಿ ಕನ್ನಡ ಟೈಪ್ ಮಾಡಿ, ಫೈಲ್‌ನ ಯುಟಿಎಫ್-8 ಆಗಿ ಸೇವ್ ಮಾಡಿದ್ರೆ ಸಾಕು. ವಿನ್32ನಲ್ಲಿ ಕೊನೆಗೆ ಡಬ್ಲ್ಯೂ ಇರೋ ಫಂಕ್ಷನ್ನೇ ಬಳಸ್ಬೇಕು, ಕೊನೆಗೆ ಎ ಇರೋದು ಆನ್ಸಿ ಕೋಡ್ ಪೇಜ್, ಅಂದ್ರೆ ಯೂನಿಕೋಡ್‌ಗೆ ಮುಂಚಿನ ಹಳೇ ಅಕ್ಷರ ಪಟ್ಟಿ ಮೇಲೆ ನಡೆಯತ್ತೆ, ಕನ್ನಡಕ್ಕೆ ವಿಂಡೋಸ್‌ನಲ್ಲಿ ಸ್ವಂತ ಆನ್ಸಿ ಕೋಡ್ ಪೇಜೇ ಇಲ್ಲ, ಹಾಗಾಗಿ ಸಾಮಾನ್ಯ ಸೆಟಿಂಗ್‌ನಲ್ಲಿ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರತ್ತೆ. ವಿಬಿ6ನ ಕಾಮನ್‌ಡೈಲಾಗ್ ಕಂಟ್ರೋಲ್‌ನಲ್ಲಿ ಡೈಲಾಗ್‌ಟೈಟಲ್‌ಗೆ ಕನ್ನಡ ಕೊಟ್ರೆ ಆಗೋದೂ ಇದೇ. ವಿಷುಯಲ್ ಸಿ ಪ್ಲಸ್ ಪ್ಲಸ್‌ನಲ್ಲಿ ಕಂಪೈಲರ್‌ಗೆ ಸ್ಲ್ಯಾಷ್ ಯುಟಿಎಫ್-8 ಆಪ್ಷನ್ ಕೊಡಿ. ಜಾವಾದಲ್ಲಿ ಜೆಡಿಕೆ 18ರಿಂದ ಡಿಫಾಲ್ಟ್ ಯುಟಿಎಫ್-8 ಆಗಿದೆ, ಅದಕ್ಕಿಂತ ಹಳೇದಾದ್ರೆ ಕಂಪೈಲ್ ಮಾಡೋವಾಗ ಎನ್‌ಕೋಡಿಂಗ್ ಆಪ್ಷನ್‌ನಲ್ಲಿ ಹೇಳ್ಬೇಕು, ಇಲ್ದಿದ್ರೆ ನಿಮ್ಮ ಮೆಷಿನ್‌ನಲ್ಲಿ ಸರಿ ಇದ್ದಿದ್ದು ಇನ್ನೊಬ್ಬರ ವಿಂಡೋಸ್ ಮೆಷಿನ್‌ನಲ್ಲಿ ಕಂಪೈಲ್ ಮಾಡಿದಾಗ ಕಲಸುಮೇಲೋಗರ ಆಗತ್ತೆ.

ಟೈಟಲ್ ಸ್ಟ್ರಿಂಗ್‌ಗಳನ್ನ ಕೋಡ್ ಮಧ್ಯೆ ಚೆಲ್ಲಾಡ್ಬೇಡಿ, ರಿಸೋರ್ಸ್ ಫೈಲ್‌ನಲ್ಲಿ ಇಡಿ, ಕ್ಯೂಟಿ ಆದ್ರೆ ಟಿಆರ್ ಫಂಕ್ಷನ್ ಒಳಗೆ ಸುತ್ತಿ. "ಸೇವ್" ಅನ್ನೋದನ್ನ ಒಂದ್ಕಡೆ, ವಸ್ತುವಿನ ಹೆಸರನ್ನ ಇನ್ನೊಂದ್ಕಡೆ ಇಟ್ಟು ಅಂಟಿಸೋ ಕೆಲಸ ಬೇಡ, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರತ್ತೆ, ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟತ್ತೆ, ಹಾಗಾಗಿ ಒಂದೊಂದು ಕೆಲಸಕ್ಕೂ ಪೂರ್ತಿ ಸ್ಟ್ರಿಂಗ್ ಒಂದೊಂದು ಇಡಿ. ಮತ್ತೆ ನೇಟಿವ್ (ಆಪರೇಟಿಂಗ್ ಸಿಸ್ಟಂನ ಸ್ವಂತ) ಡೈಲಾಗ್ ಆಗಿದ್ರೆ ಟೈಟಲ್ ಮಾತ್ರ ಕನ್ನಡ ಆಗತ್ತೆ, ಒಳಗಿನ ಬಟನ್, ಕಾಲಂ ಹೆಸರು, ರಿಪ್ಲೇಸ್ ಮಾಡ್ಲಾ ಅನ್ನೋ ಪ್ರಶ್ನೆ ಎಲ್ಲ ಸಿಸ್ಟಂ ಭಾಷೆಯಲ್ಲೇ ಇರತ್ತೆ, ಅದು ನಿಮ್ಮ ಕೋಡ್‌ನ ಬಗ್ ಅಲ್ಲ.

ಟೆಸ್ಟ್ ಮಾಡೋವಾಗ

ಪ್ರತಿ ಸೇವ್ ಬಟನ್‌ನ ಒಂದೊಂದ್ಸಲ ಒತ್ತಿ ನೋಡೋದು ಸಾಲಲ್ಲ. ಒಂದಾದ್ಮೇಲೆ ಒಂದು, ಬೇರೆ ಬೇರೆ ಆರ್ಡರ್‌ನಲ್ಲಿ ಒತ್ತಿ, ಮಧ್ಯೆ ಒಂದೆರಡು ಸಲ ಕ್ಯಾನ್ಸಲ್ ಮಾಡಿ, ಆಗ್ಲೇ ಹಳೇ ಟೈಟಲ್ ಉಳ್ಕೊಂಡಿರೋದು ಸಿಕ್ಕಿಬೀಳೋದು. ವಿಂಡೋಸ್‌ನಲ್ಲಿ ಕಂಟ್ರೋಲ್, ವಿಂಡೋಸ್ ಕೀ, ಎಂಟರ್ ಮೂರೂ ಒಟ್ಟಿಗೆ ಒತ್ತಿದ್ರೆ ನರೇಟರ್ ಆನ್ ಆಗತ್ತೆ, ಮ್ಯಾಕ್‌ನಲ್ಲಿ ಕಮಾಂಡ್ ಎಫ್5 ಒತ್ತಿದ್ರೆ ವಾಯ್ಸ್‌ಓವರ್. ಆನ್ ಮಾಡ್ಕೊಂಡು ಸ್ಕ್ರೀನ್ ಕಡೆ ನೋಡದೇ ಡೈಲಾಗ್ ಓಪನ್ ಮಾಡಿ, ಕೇಳಿಸಿದ್ದಷ್ಟರಿಂದ್ಲೇ ಈಗ ಸೇವ್ ಆಗೋದು ಪಬ್ಲಿಕ್ ಕೀನಾ ಪ್ರೈವೇಟ್ ಕೀನಾ ಅಂತ ಹೇಳೋಕಾಗ್ಬೇಕು. ಆಗ್ಲಿಲ್ಲ ಅಂದ್ರೆ ಟೈಟಲ್, ಮೆಸೇಜ್, ಫೈಲ್ ಹೆಸರು ಈ ಮೂರರಲ್ಲಿ ಯಾವುದನ್ನೋ ಇನ್ನೂ ತಿದ್ದೋದಿದೆ.